ಗಂಡು ಹೂವು

ರಾತ್ರಿ ಪಾಳಿ ಮುಗಿಸಿ ಗದಗ ರೋಡಿನ ಕ್ವಾರ್ಟರ್ಸಿಗೆ ಬರೂದ್ರಾಗ
ತಗಡಿನ ಮ್ಯಾಲ ಕುಂಬಳ ಹೂವು ಬಾಯಿ ತೆರದಿರ್ತಾವ.
ಬಿಸಲೇರಿದ್ರ ಮುಚ್ಚಿಬಿಡ್ತಾವ. ಅಷ್ಟರೊಳಗ ಕೆಲಸ ಆಗಬೇಕು.

ನಮ್ಮ ಲೈನಿಗೆ ಜೇನು ಬರೂದಿಲ್ಲ.
ಇಂಜಿನ್ ಹೊಗಿಗೋ, ಮತ್ಯಾಕೋ, ನನಗ ಗೊತ್ತಿಲ್ಲ.
ಹಿಂಗಾಗಿ ಜೇನಿನ ಪಾಳಿನೂ ನಂದ.

ಗಂಡಿಗೆ ಉದ್ದ ತೊಟ್ಟು. ಹೆಣ್ಣಿಗೆ ಕೊಳ್ಳಾಗ
ಗೋಲಿಯಷ್ಟು ಕಾಯಿ ಮೊದಲ ಕಟ್ಟಿರ್ತೈತಿ.
ಇದರ ಹುಡಿ ಅದಕ್ಕ ಸವರಬೇಕು, ಕೈ ಅಲುಗದಂಗ.
ಬ್ರೇಕಿನ ಬ್ಲಾಕು ಬಡದು ಬಡದು ದಪ್ಪಾದ ಬೆರಳು ಇವು.
"ಮೊದಲ ಸಾಬಾಣ ಹಚ್ಚಿ ಕೈ ತೊಳ್ಕೊ," ಅಂತಿದ್ಲು ಸಾವಂತ್ರಿ,
"ಗ್ರೀಸ್ ವಾಸನಿ ಹೊಡದೀತು ಕಾಯಿ."

ಅಂತಿದ್ಲು. ಈಗ ಅನ್ನಾಂಗಿಲ್ಲ.
ಹೋದ ಶ್ರಾವಣದ ಜ್ವರ ಬಿಟ್ಟು ಹೋಗುವಾಗ
ಅಕಿ ಮೂಗು, ನಾಲಿಗಿ ಎರಡೂ ಒಯ್ತು.
ಒಗ್ಗರಣಿ ಹೊತ್ತಿದ್ರೂ ಬ್ಯಾರೇದವ್ರು ಹೇಳಬೇಕು.

ಅವತ್ತಿಂದ ಹಚ್ಚಾಕ ಸುರು ಮಾಡಿದ್ಲು:
ಒಡದ ಬಕೀಟಿನ್ಯಾಗ ಪುದೀನಾ,
ಡಾಲ್ಡಾ ಡಬ್ಬ್ಯಾಗ ಸಬ್ಬಸಗಿ,
ಬಾಜೂಮನಿ ಖತಾಲಬಿ ಮುರಕೊಟ್ಟ ದೊಡ್ಡಪತ್ರಿ ಟೊಂಗಿ,
ಬಚ್ಚಲ ನೀರು ಹರಿಯೂ ಕಡೆ ಪುಂಡಿ.
ಎಂಟು ದಿನಕ್ಕೊಮ್ಮೆ ನಳಾ ಬರೂ ಹುಬ್ಬಳ್ಳ್ಯಾಗ
ಅಕ್ಕಿ ತೊಳದ ನೀರು ಯಾವುದಕ್ಕ,
ಬ್ಯಾಳಿ ತೊಳದದ್ದು ಯಾವುದಕ್ಕ, ಎಲ್ಲಾ ಅಕಿ ಲೆಕ್ಕ.

ಮುಂಜಾನೆದ್ದು ಒಂದೊಂದು ಎಲಿ ತಿಕ್ಕಿ ಮೂಗಿಗೆ ಹಿಡೀತಾಳ.
ನಾ ಕೇಳಾಂಗಿಲ್ಲ. ಅಕಿ ಹೇಳಾಂಗಿಲ್ಲ.
ಎಲಿ ಅದರ ಬುಡಕ್ಕ ಒಗದು ಮುಂದಿನದಕ್ಕ ಹೋಗ್ತಾಳ.
ಖತಾಲಬಿ ಮಾತ್ರ ಗ್ವಾಡಿ ಆಚಿಂದ,
"ಬಂತೇನ ಯವ್ವಾ?"
ತಡಾ ಆದ ಪ್ಯಾಸೆಂಜರ್ ಗಾಡಿ ಕೇಳಿದಂಗ.

ಇವತ್ತು ಐದು ಗಂಡು. ಎರಡು ಹೆಣ್ಣಿಗೆ ಸವರಿ
ಕೆಲಸ ಮುಗಿಸಿದವನ್ನ ಹರಕೊಂಡು ಒಳಗ ಬಂದೆ.
ಅಕಿ ಇನ್ನೂ ಹಿತ್ತಲದಾಗ ಇದ್ಲು. ಕಡ್ಲಿಹಿಟ್ಟು ನಾನ ಕಲಸಿದೆ,
ಉಪ್ಪು, ಅಜವಾನ, ಚೂರು ಹಸಿಖಾರ.
ಅದ್ದಿ ಎಣ್ಣ್ಯಾಗ ಬಿಟ್ರ ಮುದುಡಿದ ಹೂವು
ಮತ್ತೊಮ್ಮೆ ಅರಳೇನಂತ ಮೈ ಉಬ್ಬಸ್ತೈತಿ.

ತಾಟಿನ್ಯಾಗ ಬಿಸಿ ರೊಟ್ಟಿ, ಮೊಸರು, ಎರಡು ಹೂವಿನ ಭಜಿ.
ಅಗಿಯೂದು ನಿಲ್ಲಿಸಿ, ಮಾರಿ ಕಿವುಚಿ ನನ್ನ ನೋಡಿದ್ಲು:
"ನಡುವಿನ ದಂಟು ಚಿವುಟಿಲ್ಲೇನ ನೀ? ಕಹಿ ವಿಷ ಆಗೈತಿ."

ಎತ್ತಿದ ತುತ್ತು ಹಂಗ ಹಿಡದೆ.
ತಾ ಏನಂದೆ ಅಂತ ಅಕಿಗಿನ್ನೂ ಹೊಳದಿರಲಿಲ್ಲ.
ಬೈತಾನ ಇದ್ಲು: ಇಪ್ಪತ್ತು ವರ್ಷ ತಿಂದಿ,
ಒಮ್ಮೆರ ಸೋಸೂದು ನೋಡೀಯೇನ?

ಬೈಲಿ. ಹೊರಗ ನಳಾ ಗೊರಗೊರ ಅಂತು.
"ನೀರ ಬಂತು," ಖತಾಲಬಿ ಕೂಗಿದ್ಲು.
ಕೊಡಾ ಹಿಡಕೊಂಡು ಎದ್ದು ಹೋದ್ಲು.
ತಾಟಿನ್ಯಾಗ ಉಳದ ಅರ್ಧಾ ಭಜಿ
ನಾ ಬಾಯಾಗ ಹಾಕ್ಕೊಂಡೆ.
ಖರೇನ ಕಹಿ ಇತ್ತು.