ನೋಡಿದವರು ನೂಕಬೇಕು

ಕಾಲುವೆ ಏರಿಯ ಕೆಳಗ, ಕಡಿದ ಕಬ್ಬಿನ ಕೂಳಿಯೊಳಗ
ರವದಿ ಹೊದಿಸಿದ ಗುಡಸಲಾ ಹನ್ನೊಂದು.
ಕಂಬ ಇತ್ತು, ತಂತಿ ಇತ್ತು,
ಕರೆಂಟು ಮಾತ್ರ ಪಂಪಿನ ಮನಿಗೆ,
ಅದೂ ರಾತ್ರಿ ಎರಡರ ಮ್ಯಾಲೆ.

ಟೀವಿ ತಂದಾಂವ ಬಾಳೇಶ.
ರಾಯಬಾಗದ ರಿಪೇರಿ ಅಂಗಡ್ಯಾಗ
ಯಾರೋ ಬಿಟ್ಟು ಮರತ ಮಾಲು,
ಹದಿನಾಲ್ಕಿಂಚು, ಕಪ್ಪು-ಬಿಳಿ.
ಬೆನ್ನಿನ ಮ್ಯಾಲೆ ಸಣ್ಣಗ ಬರದಿತ್ತು: ಹನ್ನೆರಡು ವೋಲ್ಟು.
ಅದನ್ನ ಓದಿ ಹೇಳಿದ್ದ ತಡ,
ಎಲ್ಲಾರ ಕಣ್ಣು ನಮ್ಮಪ್ಪನ ಟ್ರ್ಯಾಕ್ಟರಿನ ಕಡೆ ಹೊಳ್ಳಿದ್ವು.

ನಮ್ಮಪ್ಪ ಮೂರು ದಿನ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ.
ಬ್ಯಾಟರಿ ಮಾಲಕಂದು, ಬೈಗುಳ ಡ್ರೈವರಂದು.
ನಸಿಕಿನ್ಯಾಗ ಗಾಡಿ ಸುರು ಆಗದಿದ್ರ
ಫ್ಯಾಕ್ಟರಿ ಪಾಳಿ ತಪ್ಪತೈತಿ, ಕಬ್ಬು ಒಣಗತೈತಿ,
ಕಾಟಾದ ಮ್ಯಾಲೆ ತೂಕ ಇಳೀತೈತಿ.
ನಾಕನೇ ದಿನ ಐತವಾರ.
ಬಾನೆಟ್ ಎತ್ತಿ ಅಂದ:
"ಆತು. ಆದ್ರ ಒಂದು ಮಾತು.
ನೋಡಿದವರೆಲ್ಲಾ ನೂಕಬೇಕು."

ಕೆಂಪು ವಾಯರು ಕೆಂಪಿಗೆ, ಕರೇದು ಕರೇದಕ್ಕ.
ಚಟ್ ಅಂತ ಕಿಡಿ ಹಾರಿತು,
ದೊಡ್ಡವರು ಹಿಂದ ಸರದ್ರು, ಹುಡುಗರು ಮುಂದ.
ತಾಟು ಕಟ್ಟಿದ ಬಿದಿರ ಗಳ ಹಿಡಕೊಂಡು
ಸಿದರಾಯ ಏರಿ ಮ್ಯಾಲೆ ನಿಂತ, ಪಿಚ್ಚರಿಗೆ ಬೆನ್ನು ಮಾಡಿ.
"ಬಂತೇನ್ರೋ?"
"ಬಂತು! ಉಸರ ಬಿಡಬ್ಯಾಡ!"
ಎರಡು ತಾಸು ಅಂವ ನೋಡಿದ್ದು
ಕುಡಚಿ ಕಡೆ ಹೋಗೋ ರೈಲಿನ ದೀಪ.

ಪಿಚ್ಚರಿನಾಗ ಸೊಸಿ
ಟ್ರಂಕು ಹಿಡಕೊಂಡು ಮೆಟ್ಟಲಾ ಇಳಿದ್ಲು.
ಅತ್ತಿ ಬಾಗಿಲದಾಗ ನಿಂತಿದ್ಲು,
ತುಟಿ ತೆರೀತಿದ್ಲು, ಏನೋ ಅನ್ನಾಕಿ.
ಅಷ್ಟರಾಗ ಚಿತ್ರ ನಾಕೂ ಕಡೆಯಿಂದ ಬತ್ತಾಕ ಹತ್ತಿತು,
ಬಿಸಿನೀರಾಗ ಅದ್ದಿದ ಜಂಪರಿನಂಗ.
ಮನಿ ಗಿಡ್ಡಾತು, ಅತ್ತಿ ಗಿಡ್ಡಾದ್ಲು,
ಟ್ರಂಕು ಕಡ್ಡಿಪೆಟ್ಟಿಗಿ ಆತು,
ಕಡೀಕ ಜ್ವಾಳದ ಕಾಳಿನಷ್ಟು ಬೆಳಕು.
ಅದನ್ನೂ ಒಬ್ಬ ಹುಡುಗ ಬಟ್ಟಿಟ್ಟು ಮುಟ್ಟಿದ.
ಹೋತು.

ಯಾರೂ ಏಳಲಿಲ್ಲ.
"ಹ್ವಾದ್ಲೋ? ಹೊಳ್ಳಿ ಬಂದ್ಲೋ?"
"ಬಂದಿರತಾಳ, ಗಂಡ ಬಸ್‌ಸ್ಟ್ಯಾಂಡಿಗೆ ಓಡಿರತಾನ."
"ಅಂವೆಲ್ಲಿ ಓಡ್ತಾನ, ಹೊಟ್ಟಿ ನೋಡಿದೇನು ಅವಂದು?"
ಮೂರು ಕಲ್ಲಿನ ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದ ಲಗಮವ್ವ
ಒಮ್ಮಿನೂ ಹೊಳ್ಳಿ ನೋಡಿರಲಿಲ್ಲ, ಬರೇ ಕೇಳಿದ್ಲು.
"ಹೋಗಿರತಾಳ," ಅಂದ್ಲು.
"ಟ್ರಂಕು ಎತ್ತಿದ ಸಪ್ಪಳ ಕೇಳಿಲ್ಲೇನು, ಖಾಲಿ ಇತ್ತದು.
ಖಾಲಿ ಟ್ರಂಕು ಹೊತ್ತಾಕಿ ಹೊಳ್ಳಿ ಬರೂದುಲ್ಲ."
ಆಮ್ಯಾಲೆ ರೊಟ್ಟಿ ಸಪ್ಪಳ ಅಷ್ಟ.

ನಾಕು ಗಂಟೆ. ಇಬ್ಬನಿ. ಕೀಲಿ ತಿರುವಿದ್ರ
ಟಿಕ್ ಅಂತು ಗಾಡಿ, ಮುದಿ ಹಲ್ಲಿಯಂಗ.
ಒಬ್ಬರೂ ಮಾತು ತಪ್ಪಲಿಲ್ಲ.
ಬಾಳೇಶ, ತಾಯವ್ವ, ಆಕಿ ಇಬ್ಬರು ಮಕ್ಕಳು,
ಹೊಟ್ಟಿ ಬಗ್ಗೆ ಮಾತಾಡಿದಾಂವ, ಬಸ್‌ಸ್ಟ್ಯಾಂಡಿನಾಂವ,
ಎಲ್ಲಾರೂ ಹೆಗಲ ಹಚ್ಚಿದ್ರು.
ಸಿದರಾಯನೂ ಬಂದ.
"ನೀ ಏನು ನೋಡಿ, ಬಿಡೋ," ಅಂದ ನಮ್ಮಪ್ಪ.
"ನನ್ನ ನೆಳ್ಳು ನೋಡೀನಿ," ಅಂದ ಸಿದರಾಯ,
"ನಿಮ್ಮ ಟೀವಿ ಬೆಳಕಿನಾಗ ಕುಣೀತಿತ್ತು."
ಲಗಮವ್ವ ಹಿಟ್ಟಿನ ಕೈಲೇ ಬಂದ್ಲು:
"ಕೇಳಿದವರೂ ನೂಕಬೇಕೇನು?"
ಉತ್ತರಕ್ಕ ನಿಲ್ಲಲಿಲ್ಲ.

ಕೂಳಿ ದಾಟಿ, ಬದು ದಾಟಿ, ಇಳಿಜಾರಿನ ಬಾಯಿಗೆ
ಕ್ಲಚ್ ಬಿಟ್ಟ ನಮ್ಮಪ್ಪ. ಗಾಡಿ ಕೆಮ್ಮಿತು, ಮತ್ತ ಕೆಮ್ಮಿತು,
ಆಮ್ಯಾಲೆ ಇಡೀ ಏರಿಗೆ ಕೇಳೂ ಹಂಗ ಹತ್ತಿತು.
ಹಿಂದ ಹೊಗಿಯೊಳಗ ಅವರು ನಗತಿದ್ರು.
ಚಾದರ ಹೊತ್ತು ಮಡ್‌ಗಾರ್ಡಿನ ಮ್ಯಾಲೆ ಕುಂತಿದ್ದೆ ನಾ,
ನೋಡಿದವರಾಗ ನೂಕದಾಂವ ಒಬ್ಬನ.
ನನ್ನ ಕಾಲಿನ ಬಾಜೂಕ
ಹಿಟ್ಟಿನ ಎರಡು ಅಂಗೈ,
ಫ್ಯಾಕ್ಟರಿ ಗೇಟಿನ ತನಕಾ ಅಳಿಸಲಿಲ್ಲ.

ಈಗ ಚಿಕ್ಕೋಡ್ಯಾಗ ನನ್ನ ಮನಿ, ಜಿನಿ ಕೆಳಗ ಇನ್ವರ್ಟರು.
ಕರೆಂಟು ಹೋದದ್ದೂ ಗೊತ್ತಾಗೂದಿಲ್ಲ, ಬಂದದ್ದೂ.
ರಾತ್ರಿ ಒಂಬತ್ತಕ್ಕ ಸೀರಿಯಲ್ಲಿನ ಸೊಸಿ ಮನಿ ಬಿಟ್ಟು ಹೊಂಟ್ರ
ಆವಾಜ ಹೆಚ್ಚು ಮಾಡತೀನಿ. ಹೆಂಡತಿ ನಗತಾಳ.
ಏನು ಮಾಡೂದು,
ಈಗಿನ ಸೊಸ್ತ್ಯಾರ ಚೀಲಕ್ಕ ಗಾಲಿ ಅದಾವ.
ತುಂಬೇತೋ ಖಾಲಿ ಐತೋ
ತಿಳಿಯೂದುಲ್ಲ.