ಬಾಲದ ಬಿಲ್ಲೆ

ಟೂನಾ ಮೀನಿನ ಬೆಲೆ ಬಾಲದಲ್ಲಿರುತ್ತದೆ.
ಬಾಲದ ಬುಡದಲ್ಲೊಂದು ಬಿಲ್ಲೆ ಕೊಯ್ದು
ಟಾರ್ಚು ಹಿಡಿದು ನೋಡುತ್ತಾರೆ:
ಕೊಬ್ಬಿನ ಗೆರೆ ಎಷ್ಟು, ಕೆಂಪು ಎಂಥದು,
ಒಳಗೆಲ್ಲಾದರೂ ಕಪ್ಪು ಕೂತಿದೆಯೇ.
ಆಮೇಲೆ ನನ್ನ ಸರದಿ.
ಡೊಂಗ್‌ಗಾಂಗ್ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ
ಉಸಿರು ಬಿಡದೆ ಹರಾಜು ಕೂಗಿದವನು,
ಲ್ಯೆನ್ ತ್ಸುಂಗ್-ಮಾವ್.
ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ,
ನನ್ನದಕ್ಕೆ ಬ್ರೇಕೂ ಇರಲಿಲ್ಲ.

ಎಡ ಅಂಚಿನಲ್ಲೊಂದು ಬಿಳಿ ಮಚ್ಚೆ.
ಅನ್ನದ ಅಗುಳು ಅಂಟಿದೆಯೆಂದು ಮೂರು ತಿಂಗಳು ಹಲ್ಲಿನಲ್ಲಿ ಕೆರೆದೆ.
ಹೆದ್ದಾರಿ ಬದಿಯ ಗಾಜಿನ ಗೂಡಂಗಡಿಯಲ್ಲಿ
ಸುಣ್ಣ ಸವರಿದ ಹಸಿ ಅಡಿಕೆ ಕೊಳ್ಳುತ್ತಲೇ ಇದ್ದೆ,
ಪೊಟ್ಟಣದ ಮೇಲಿನ ಎಚ್ಚರಿಕೆ
ಬೇರೆ ಯಾರಿಗೋ ಬರೆದದ್ದೆಂದುಕೊಂಡು.

ಕಾವ್‌ಶ್ಯುಂಗ್‌ನ ಡಾಕ್ಟರ್ ಫಾಂಗ್, ಗಿಡ್ಡ ಹೆಂಗಸು,
ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಒತ್ತಿ ನೋಡಿದರು.
ಕಣ್ಣಿಗೆ ಕಾಣುವುದು ಇಷ್ಟು, ಬೆರಳಿಗೆ ಸಿಗುವುದು ಇಷ್ಟು,
ಹಾಳೆಯ ಮೇಲೆ ಎರಡು ವೃತ್ತ.
ಅದರಾಚೆ ಮೂರನೆಯದು: ‘ನಾನು ತೆಗೆಯುವುದು ಇದು.
ಸುತ್ತಲಿನ ಒಳ್ಳೆಯ ಮಾಂಸವೂ
ಒಂದು ಬೆರಳಗಲ ಹೋಗಬೇಕು.’
ಅರ್ಧ ಬೆರಳು ಅಂದೆ.
ಅವರು ಪೆನ್ನಿನ ಮುಚ್ಚಳ ಹಾಕಿದರು.

ಆಮೇಲೆ ನನ್ನ ಎಡಗೈ ಕೇಳಿದರು.
ಮಣಿಕಟ್ಟಿನ ಎರಡೂ ನಾಡಿ ಅದುಮಿ, ಮುಷ್ಟಿ ಕಟ್ಟಿಸಿ, ಬಿಡಿಸಿ,
ಬೆಳ್ಳಗಾದ ಅಂಗೈಗೆ ಒಂದೇ ನಾಡಿಯಿಂದ
ರಕ್ತ ಮರಳುವುದನ್ನು ಲೆಕ್ಕ ಹಾಕುತ್ತ ಕಾದರು.
‘ಈ ಕೈಗೆ ಒಂದು ಸಾಕು.
ಇನ್ನೊಂದು, ಅದರ ಮೇಲಿನ ಚರ್ಮದ ಸಮೇತ, ಬಾಯಿಗೆ.’
ಆ ಚರ್ಮದ ಮೇಲೆ
ಹತ್ತೊಂಬತ್ತರಲ್ಲಿ ದೋಣಿಯ ಮೇಲೆ ಚುಚ್ಚಿಸಿದ ಹಚ್ಚೆ:
ಮೊಣಕೈಗೆ ಮುಖ ಮಾಡಿದ ನೀಲಿ ಟೂನಾ.
‘ಬಾಲ ಬಾಯೊಳಗೆ ಹೋಗುತ್ತದೆ’ ಎಂದರು,
ನಗದೆ.

ಒಂಬತ್ತು ಗಂಟೆ ನಾನಿರಲಿಲ್ಲ.
ಕಿವಿಯ ಕೆಳಗಿನಿಂದ ಕುತ್ತಿಗೆ ತೆರೆದು
ಮೂವತ್ತನಾಲ್ಕು ಗಂಟು ಎಣಿಸಿ ತೆಗೆದರಂತೆ.
ಕೊಯ್ದ ಅಂಚನ್ನು ಗಡ್ಡೆಗಟ್ಟಿಸಿ, ಎಳೆ ಎಳೆಯಾಗಿ ಹೆರೆದು
ಯಾರೋ ದೀಪಕ್ಕೆ ಹಿಡಿದು ನೋಡಿದರಂತೆ.
ನಮ್ಮ ಕೆಲಸವೇ.
ಥಿಯೇಟರಿನ ಫೋನು ರಿಂಗಾಗುವವರೆಗೆ
ಯಾರೂ ಮಾತಾಡಲಿಲ್ಲವಂತೆ. ಅಂಚು ಶುದ್ಧ.
ಕೂದಲಿಗಿಂತ ಸಣ್ಣ ದಾರದಲ್ಲಿ
ಕೈಯ ಧಮನಿಯನ್ನು ಕೊರಳಿನದಕ್ಕೆ ಹೊಲಿದರು.

ರಾತ್ರಿಯಿಡೀ ಗಂಟೆಗೊಮ್ಮೆ ನರ್ಸು ಬಂದು
ಬಾಯೊಳಗೆ ಯಂತ್ರದ ಕಡ್ಡಿ ಇಟ್ಟು ಆಲಿಸುವಳು:
ಶ್ಶೂ, ಶ್ಶೂ, ಶ್ಶೂ,
ಮಂಜಿನಲ್ಲಿ ಬಂದರು ಹುಡುಕುವ ದೋಣಿಯ ಎಂಜಿನ್ನು.
ಸೂಜಿ ಚುಚ್ಚುವಳು. ನನಗೆ ನೋವಿಲ್ಲ.
‘ಕೆಂಪು ಚೆನ್ನಾಗಿದೆ’ ಎನ್ನುವಳು.
ಕೊರಳಲ್ಲಿ ಕೊಳವೆ. ಸ್ಲೇಟಿನ ಮೇಲೆ ಬರೆದೆ:
ಕಿಲೋಗೆ ಎಷ್ಟು?

ಈಗ ಹೊಸ ನಾಲಿಗೆಯ ಮೇಲೆ ರೋಮ ಬೆಳೆಯುತ್ತದೆ.
ಬೀ-ಗ್ಯೋಕ್ ಚಿಮುಟ ಹಿಡಿದು ಕೂರುತ್ತಾಳೆ,
ಮದುವೆಯಾದ ಮೂವತ್ತು ವರ್ಷದಲ್ಲಿ
ನನ್ನ ಬಾಯಿ ಅವಳ ಕೈಗೆ ಸಿಕ್ಕಿದ್ದು ಈಗಲೇ.
ಸಾರು ಬಲಗಡೆಗೆ ಮಾತ್ರ ರುಚಿ.
ಮಾತು ಕಲಿಸುವ ಹುಡುಗಿ ಹೇಳಿದಂತೆ
ತುಟಿಯ ಅಕ್ಷರಗಳು ಮೊದಲು ಮರಳಿದವು.
ನಮ್ಮ ನುಡಿಯಲ್ಲಿ ನಾಲ್ಕಕ್ಕೂ ‘ಸೀ’, ಸಾವಿಗೂ ‘ಸೀ’,
ಸ್ವರದ ಏರಿಳಿತವಷ್ಟೇ ಬೇರೆ.
ನನ್ನ ಬಾಯಲ್ಲಿ ಎರಡೂ ನೆಟ್ಟಗೆ ಬರುವುದಿಲ್ಲ.

ಮೇ ತಿಂಗಳ ಹರಾಜಿಗೆ ಸುಮ್ಮನೆ ನಿಲ್ಲಲು ಹೋದೆ.
ಕೂಗುತ್ತಿದ್ದವನು ಬೇರೆಯವನು, ಪರವಾಗಿಲ್ಲ, ಅವಸರ ಜಾಸ್ತಿ.
ಜಿಪುಣ ಮುದುಕ ಔಯಾಂಗ್, ನನ್ನ ಹಳೆಯ ಗಿರಾಕಿ,
ಸಾಲು ಬಿಟ್ಟು ಬಂದು ಬಾಯಿ ತೆರೆ ಎಂದ.
ಟಾರ್ಚು ಹಾಕಿದ. ನೀಲಿ ಬಾಲ ನೋಡಿದ, ಬಹಳ ಹೊತ್ತು,
ತುದಿಯಿಂದ ಬುಡದವರೆಗೆ,
ಮೀನು ನೋಡುವಂತೆಯೇ.
ಮತ್ತೆ ಒಂದು ಬೆಲೆ ಹೇಳಿದ.

ಸುತ್ತಲಿನವರು ನಕ್ಕರು.
ನಾನು ಜೊಲ್ಲು ಒರೆಸಿಕೊಂಡೆ, ತುಟಿ ಕೂಡಿಸಿದೆ,
ನಾಲಿಗೆಯ ಉಳಿದ ಬುಡವನ್ನು ಅಂಗಳಕ್ಕೆ ಎತ್ತಿ
‘ಬೋ-ಕಾವ್’ ಅಂದೆ.
ಸಾಲದು.