ಮೂರು ಸೆಕೆಂಡು

ರಾತ್ರಿ ಒಂದೂವರೆಗೆ ಮಂಜಿನ ಬೆಟ್ಟದ ಹಿಂಬಾಗಿಲು ತೆಗೆಯುತ್ತೇನೆ.
ಹೊರಗೆ ಆರ್ಲ್ಯಾಂಡೋದ ಸೆಕೆ, ಒದ್ದೆ ಟವೆಲಿನಂತೆ ಕತ್ತಿಗೆ ಸುತ್ತಿಕೊಂಡದ್ದು;
ಒಳಗೆ ಫೈಬರಿನ ಹಿಮ, ಅಲ್ಲಲ್ಲಿ ಹಳದಿಗೆ ತಿರುಗಿದ್ದು,
ನಡುವೆ ಬರ್ನಿಸ್,
ಸೊಂಡಿಲು ಇಳಿಬಿಟ್ಟು ನಿಂತ ಮ್ಯಾಮತ್.
ಹೆಸರು ಸಿನಿಮಾದ್ದಲ್ಲ. ಮೊದಲ ಪಾಳಿಯವರು ಇಟ್ಟದ್ದು,
ಯಾರದೋ ಅತ್ತೆಯ ಹೆಸರಂತೆ.

ಸಿನಿಮಾ ಯಾರಿಗೂ ನೆನಪಿಲ್ಲ.
ನನ್ನ ಮೊಮ್ಮಗ ಹತ್ತು ನಿಮಿಷ ನೋಡಿ
ಹಿಮ ಯಾಕೆ ಉಪ್ಪಿನ ಹಾಗಿದೆ ಅಂದ.
ಉಪ್ಪೇ ಇರಬೇಕು, ಪುಟ್ಟಾ.

ನಿನ್ನೆ ಮಧ್ಯಾಹ್ನ ಮೀಟಿಂಗು. ನನ್ನನ್ನೂ ಕರೆದಿದ್ದರು,
ನಿದ್ದೆಗೆಟ್ಟು ಹೋದೆ.
ಗೋಡೆಯ ಮೇಲೆ ಎರಡು ಚಿತ್ರ:
ಒಂದರಲ್ಲಿ ಬರ್ನಿಸ್ ಇದ್ದಾಳೆ, ಬೆನ್ನ ಹಿಂದೆ ದೊಡ್ಡ ಪರದೆ,
ಪರದೆಯಲ್ಲಿ ಇನ್ನೂ ಇಪ್ಪತ್ತು ಬರ್ನಿಸ್‌ಗಳು ಓಡುತ್ತಿದ್ದಾರೆ;
ಇನ್ನೊಂದರಲ್ಲಿ ಬೆಟ್ಟವೇ ಇಲ್ಲ,
ಹೋದ ವರ್ಷ ಬಂದ ಯಾವುದೋ ಸಿನಿಮಾದ ರಾಕೆಟ್ಟು.
ಹಾಲ್ಡೇನ್ ಮೇಡಂ ಲೆಕ್ಕ ಓದಿದರು.
ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವುದು ಇಲ್ಲಿ ನಡೆಯುವುದಿಲ್ಲ:
ಇದ್ದರೆ ವರ್ಷಕ್ಕಿಷ್ಟು ಎಣ್ಣೆ, ಇಷ್ಟು ರಬ್ಬರು;
ಸತ್ತರೆ, ಕೆಡವಿ ಸಾಗಿಸುವ ಲಾರಿಗಳ ಬಾಡಿಗೆ.

ಸುಳ್ಳು ಹೇಳಲಾರೆ, ಜುಲೈನಲ್ಲಿ ಹನ್ನೊಂದು ಸಲ ಕೆಟ್ಟಳು.
ಒಂದು ಕುಟುಂಬ ನಲವತ್ತು ನಿಮಿಷ ಅವಳ ಹೊಟ್ಟೆಯ ಕೆಳಗೆ ಸಿಕ್ಕಿಹಾಕಿಕೊಂಡಿತ್ತು;
ನಾವು ಟಾರ್ಚು ಹಿಡಿದು ಹೋದಾಗ ಅಜ್ಜನಿಗೆ ಗಾಢ ನಿದ್ದೆ.

ಸುಧಾರಿಸುವುದೋ, ಬದಲಿಸುವುದೋ?
ಒಳಗೊಳಗೇ ನಗು ಬಂತು.
ಚರ್ಮ ನಾಲ್ಕು ಸಲ ಬದಲಿಸಿದ್ದೇನೆ.
ಸೊಂಡಿಲಿನ ಮೂವತ್ತೊಂದು ಕೀಲುಗಳಲ್ಲಿ ಮೊದಲಿನದ್ದು ಒಂದೂ ಇಲ್ಲ.
ಎಡದಂತ ಚಂಡಮಾರುತದ ವರ್ಷ ಒಡೆಯಿತು;
ಈಗಿರುವುದು ಡೆಲ್ರಾಯ್ ತನ್ನ ದೋಣಿ ಶೆಡ್ಡಿನಲ್ಲಿ ಎರಕ ಹೊಯ್ದದ್ದು,
ಬಲದಂತಕ್ಕಿಂತ ಎರಡು ಬೆರಳು ಗಿಡ್ಡ.
ಒಬ್ಬಳೇ ಒಬ್ಬಳು ಹುಡುಗಿ ಗುರುತಿಸಿದ್ದಳು,
ಅವಳ ಬಾಯಲ್ಲೂ ಹಲ್ಲು ಬಿದ್ದಿತ್ತು.
ನನ್ನದೇ ಒಂದು ಮಂಡಿ ಟೈಟೇನಿಯಂ.
ಹಾಗಾದರೆ ಹಳೆಯದು ಅಂತ ಇವರು ಬೆರಳು ಮಾಡುತ್ತಿರುವುದು ಯಾವುದರತ್ತ?

'ನೊಯೆಮಿ, ನೀವೇನಂತೀರಿ?' ಅಂದಾಗ
ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದು ಬೇರೆ.

ರೈಲು ಗುಹೆಯೊಳಕ್ಕೆ ತಿರುಗುತ್ತದೆ, ದೀಪ ಆರುತ್ತದೆ,
ಆಮೇಲೆ ಏನೂ ಇಲ್ಲ.
ಒಂದು.
ಎರಡು.
ಮೂರು.
ಆಗ ಕಣ್ಣು ತೆರೆಯುತ್ತದೆ.

ಆ ಮೂರು ಸೆಕೆಂಡು ಯಾವ ನಕ್ಷೆಯಲ್ಲೂ ಇಲ್ಲ.
ತೊಂಬತ್ತೊಂದರಲ್ಲಿ ಒಂದು ರಿಲೇ ಸುಸ್ತಾಗಿ ತಡವಾಗಿ ಏಳತೊಡಗಿತು.
ಸರಿಮಾಡಲು ಹೋದ ಲೂಥರ್ ಪೆಟಿಗ್ರೂ
ಗೋಡೆಯ ಹಿಂದೆ ನಿಂತು ಕಿವಿಗೊಟ್ಟ:
ಕತ್ತಲಲ್ಲಿ ಜನ ಮೊದಲು ನಕ್ಕರು,
ಆಮೇಲೆ ಸುಮ್ಮನಾದರು,
ಆಮೇಲೆ ಪಕ್ಕದವರ ಕೈ ಹುಡುಕಿದರು
(ಸೀಟಿನ ರೆಕ್ಸಿನ್ ಕಿರುಗುಡುತ್ತದೆ, ಗೊತ್ತಾಗಿಬಿಡುತ್ತದೆ).
ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಮರಳಿ ಬಂದ,
ರಿಜಿಸ್ಟರಿನಲ್ಲಿ ಬರೆದ: ದೋಷ ಕಂಡುಬಂದಿಲ್ಲ.
ಆ ರಿಲೇ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು.
ತಡವನ್ನು ಮಾತ್ರ ಹೊಸ ಹೊಸದಕ್ಕೆ ಕಲಿಸುತ್ತ ಬಂದಿದ್ದೇವೆ,
ಲೂಥರ್ ನನಗೆ, ನಾನು ಡೆಲ್ರಾಯ್‌ಗೆ.

'ಯಾವ ಚಿತ್ರ ಬೇಕಾದರೂ ಆರಿಸಿ,' ಅಂದೆ,
'ರಾಕೆಟ್ಟೇ ತನ್ನಿ. ಆ ಮೂರು ಸೆಕೆಂಡು ಇಡಿ.'
ಕ್ಯಾಲಿಫೋರ್ನಿಯಾದಿಂದ ಬಂದ ಹುಡುಗ ತಲೆ ಎತ್ತಿದ:
'ಅಲ್ಲಿ ಏನು ತೋರಿಸೋಣ?'
'ಏನೂ ಬೇಡ.'
ನೊಯೆಮಿ: ಏನೂ ಬೇಡ, ಅಂತ ಟೈಪ್ ಮಾಡಿಕೊಂಡ.
ಯಾವ ಅರ್ಥಕ್ಕೆ ತೆಗೆದುಕೊಂಡನೋ.

ಈಗ ಏಣಿ ಹತ್ತಿ ರೆಪ್ಪೆಯ ತಿರುಗಣೆಗೆ ಹನಿ ಬಿಡುತ್ತಿದ್ದೇನೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ,
ಕಾಯುವವಳು ನಾನು, ಎಣ್ಣೆ ಇವಳಿಗೆ.
ಆರಕ್ಕೆ ಖಾಲಿ ರೈಲಿನಲ್ಲಿ ಒಂದು ಸುತ್ತು, ಅದು ನಿಯಮ.
ಮೊದಲ ಸಾಲಿನಲ್ಲಿ ಕೂರುತ್ತೇನೆ.
ಇಪ್ಪತ್ತಾರು ವರ್ಷವಾದರೂ, ಎರಡು ಅನ್ನುವಷ್ಟರಲ್ಲಿ
ಕೈ ತಾನಾಗಿ ಪಕ್ಕದ ಸೀಟಿಗೆ ಹೋಗುತ್ತದೆ.
ಅಲ್ಲಿ ಎಣ್ಣೆಯ ಡಬ್ಬಿ.
ಅದಕ್ಕೂ ಬೆಲ್ಟು ಹಾಕಿರುತ್ತೇನೆ.